ಸಾಧು ಮಗುವಿನ ತೂಕ

ಬೆನ್ನಿಗೊಂದು ಚೀಲ, ಚೀಲದೊಳಗೆ ತಕ್ಕಡಿ, ಕಾಲಿಗೆ ಸದ್ದಾಗದ ರಬ್ಬರ್ ಚಪ್ಪಲಿ. ಹೀಗೆ ಅವಳು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಕೆಳಗಿನ ಮನೆಯವರು ಮೇಲಿನ ಮನೆಯವರಿಗೆ ಕೂಗಿ ಹೇಳುತ್ತಿದ್ದರು: "ತಕ್ಕಡಿ ಅಕ್ಕ ಬಂದ್ರು, ಮಗೂನ ಎಬ್ಬಿಸಿ!" ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಗಂಡ ಕೂಡ ಸಿಟ್ಟು ಬಂದಾಗ "ಏನು ತಕ್ಕಡಿ, ಮನೆ ಕಡೆ ಜ್ಞಾನ ಇದೆಯಾ?" ಎಂದು ರೇಗುತ್ತಿದ್ದ.

ಹತ್ತೊಂಬತ್ತು ವರ್ಷದಿಂದ ಅವಳದ್ದು ಒಂದೇ ಕೆಲಸ. ಆರೋಗ್ಯ ಕೇಂದ್ರದಿಂದ ಹೊರಟು, ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಹೋಗುವುದು, ತೂಗುವುದು, ಅಳೆಯುವುದು, ಚುಚ್ಚುಮದ್ದಿನ ದಿನ ನೆನಪಿಸುವುದು, ಬಾಣಂತಿಯ ಮುಖ ನೋಡುವುದು. ಈ ಕೊನೆಯದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವಳು ತಾನಾಗಿ ಸೇರಿಸಿಕೊಂಡದ್ದು.

ಅದಕ್ಕೂ ಮೊದಲು ಹನ್ನೊಂದು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಮೀಟರ್ ಕೋಲು ಹಿಡಿದವಳು ಅವಳು. ಇಪ್ಪತ್ತು ಥಾನು ಬಿಚ್ಚಿಸಿ, ಬಣ್ಣಕ್ಕೊಂದು ಕೊಂಕು ತೆಗೆದು, ಕೊನೆಗೆ "ಆಮೇಲೆ ಬರ್ತೀವಿ" ಎಂದು ಹೋಗುವವರು ಯಾರು, ಮೂಲೆಯಲ್ಲಿ ನಿಂತು ಒಂದೇ ಬಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತ ಬಾಯಿಬಿಡದೆ ಕಾಯುವವರು ಯಾರು ಎಂಬುದು ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು. ಅಂಗಡಿ ಮುಚ್ಚಿದಾಗ ಆರೋಗ್ಯ ಕೇಂದ್ರದವರು ಆರು ತಿಂಗಳ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಂಡರು. ಬಟ್ಟೆ ಅಳೆಯುತ್ತಿದ್ದವಳು ಮಕ್ಕಳನ್ನು ಅಳೆಯತೊಡಗಿದಳು. "ಬಟ್ಟೆ ಆದ್ರೆ ಹಿಡಿದ ಹಾಗೆ ನಿಲ್ಲುತ್ತೆ, ಇವು ಒದೀತಾವೆ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದಳು.

ಈಗ ಹೇಳಹೊರಟಿರುವುದು ಅವಳಿಗೆ ಐವತ್ತೊಂದಾಗಿದ್ದಾಗ, ಬೀಗ ರಿಪೇರಿ ಅಂಗಡಿಯ ಮೇಲಿನ ಮೂರನೇ ಮಹಡಿಯ ಮನೆಯಲ್ಲಿ ನಡೆದದ್ದು.

ಆ ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದರು. ತಾಯಿ ಟೈಲರಿಂಗ್ ಮಾಡುವವಳು, ತಂದೆ ಬಸ್ ಡ್ರೈವರ್. ಮಕ್ಕಳ ಕೆಲಸಕ್ಕೆಂದು ಡ್ರೈವರನ ತಾಯಿ ಬಂದು ಉಳಿದುಕೊಂಡಿದ್ದಳು. ಎರಡೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಮಡಿಸಿದ ಲಂಗೋಟಿಗಳ ಗೋಪುರ, ಕಿಟಕಿಯ ಸರಳಿಗೆ ಒಣಹಾಕಿದ ಪುಟ್ಟ ಕಾಲುಚೀಲಗಳು, ಗೋಡೆಗೆ ತಾಗಿಸಿದ ಒಂದೇ ತೊಟ್ಟಿಲಿನಲ್ಲಿ ತಲೆ-ಕಾಲು ತಿರುವುಮುರುವಾಗಿ ಇಬ್ಬರು.

ಮಕ್ಕಳಿಗೆ ಎರಡು ವಾರ ತುಂಬಿದಾಗ ಅಕ್ಕ ಮೊದಲ ಸಲ ಹೋದಳು. ದೊಡ್ಡವಳು ಮೆಟ್ಟಿಲಿನವರೆಗೂ ಕೇಳಿಸುವಂತೆ ಅಳುತ್ತಿದ್ದಳು. ಚಿಕ್ಕವಳು ಆ ಗದ್ದಲದ ಪಕ್ಕದಲ್ಲೇ ಕಣ್ಣುಮುಚ್ಚಿ ಮಲಗಿದ್ದಳು.

"ಇವಳು ಗಲಾಟೆ, ಅವಳು ಸಾಧು" ಎಂದು ಅಜ್ಜಿ ಪರಿಚಯ ಮಾಡಿಕೊಟ್ಟಳು. ಮನೆಯಲ್ಲಿ ಆಗಲೇ ಅವೇ ಹೆಸರಾಗಿದ್ದವು. "ಸಾಧು ಅಂದ್ರೆ ಸಾಧು ನೋಡಿ, ಮನೇಲಿ ಇದ್ದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಇಂಥ ಹತ್ತು ಮಕ್ಕಳಿದ್ರೂ ಸಾಕಬಹುದು."

ಅಕ್ಕ ನಕ್ಕಳು. ಆದರೆ ಆ ಮಾತು ಅವಳ ಕಿವಿಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಅಂದಿನ ತೂಕ ಇಬ್ಬರದ್ದೂ ಸರಿಯಾಗಿತ್ತು. ಗಲಾಟೆ ಎರಡೂವರೆ ಕಿಲೋ, ಸಾಧು ಎರಡು ಕಿಲೋ ಮುನ್ನೂರು ಗ್ರಾಂ. ಸಣ್ಣ ಮಕ್ಕಳೇ, ಅವಳಿಗಳಲ್ಲವೇ. ಎದೆಹಾಲು ಇಬ್ಬರಿಗೂ ಸಾಲದೆಂದು ಆಸ್ಪತ್ರೆಯಲ್ಲೇ ಬಾಟಲಿ ಹಾಲನ್ನೂ ಹೇಳಿ ಕಳಿಸಿದ್ದರು. "ಸಾಧು ಎಷ್ಟು ಹೊತ್ತು ಮಲಗಿದ್ರೂ ಮೂರು ಗಂಟೆಗೊಂದು ಸಲ ಎಬ್ಬಿಸಿ ಕುಡಿಸಿ" ಎಂದು ಹೇಳಿ ಅಕ್ಕ ಇಳಿದು ಬಂದಳು.

ಮೂರು ವಾರ ಬಿಟ್ಟು ಮತ್ತೆ ಹತ್ತಿದಾಗ ತಕ್ಕಡಿ ಬೇರೆಯದೇ ಮಾತಾಡಿತು. ಗಲಾಟೆ ಮೂರು ಕಿಲೋ ನಾನ್ನೂರು. ಸಾಧು ಎರಡು ಕಿಲೋ ನಾನ್ನೂರೈವತ್ತು.

ಅಕ್ಕ ಮಗುವನ್ನೆತ್ತಿ ಇನ್ನೊಮ್ಮೆ ಇಟ್ಟಳು. ಅಷ್ಟೇ. ಮೂರು ವಾರಕ್ಕೆ ನೂರೈವತ್ತೇ ಗ್ರಾಂ.

"ನಿಮ್ಮ ತಕ್ಕಡಿ ಕೆಟ್ಟಿದೆ" ಎಂದಳು ಅಜ್ಜಿ, ಕಡ್ಡಿ ಮುರಿದಂತೆ.

ಇಂಥ ಮಾತು ಅಕ್ಕನಿಗೆ ಹೊಸದಲ್ಲ. "ಒಂದು ಕಿಲೋ ಸಕ್ಕರೆ ಪೊಟ್ಟಣ ಇದೆಯಾ ಅಮ್ಮಾ, ಒಡೆಯದ್ದು?" ಎಂದು ಕೇಳಿದಳು. ಅಜ್ಜಿ ಒಳಗಿನಿಂದ ತಂದು ಗತ್ತಿನಿಂದ ತಕ್ಕಡಿಯ ಮೇಲಿಟ್ಟಳು. ಒಂದು ಕಿಲೋ ಎರಡು ಗ್ರಾಂ. ಅಜ್ಜಿ ಪೊಟ್ಟಣವನ್ನು ತಿರುಗಿಸಿ ನೋಡಿದಳು. "ಎರಡು ಗ್ರಾಂ ಪ್ಲಾಸ್ಟಿಕ್ಕಿಂದು" ಎಂದು ಒಪ್ಪಿಕೊಂಡಳಾದರೂ ಸೋಲಲಿಲ್ಲ. "ಗಲಾಟೆ ನಮ್ಮ ಕಡೆ, ಗಟ್ಟಿ ಮೈ. ಸಾಧು ಸೊಸೆ ಕಡೆ. ಅವರ ಮನೇಲಿ ಎಲ್ಲರೂ ಕಡ್ಡಿಗಳೇ."

ಹಾಸಿಗೆಯ ಅಂಚಿನಲ್ಲಿ ಸೊಸೆ ಕೂತಿದ್ದಳು. ಅವಳ ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ಅಕ್ಕ ಸಾಧುವಿನ ಬಟ್ಟೆ ಬಿಚ್ಚಿ ನಿಧಾನವಾಗಿ ನೋಡಿದಳು. ನೆತ್ತಿ, ನಾಲಿಗೆ, ಅಂಗುಳ, ಕಣ್ಣಿನ ಬಿಳಿ, ಹೊಟ್ಟೆಯ ಚರ್ಮ. ಜ್ವರವಿಲ್ಲ, ಉಸಿರಾಟ ಸರಿಯಿದೆ. ಆದರೆ ತೊಡೆ ಸಡಿಲ, ಅಂಗಾಲಿಗೆ ಬೆರಳಿಂದ ತಟ್ಟಿದರೆ ಎಚ್ಚರಾಗಿ ಎರಡು ಗಳಿಗೆಗೆ ಮತ್ತೆ ಜೋಂಪು.

"ಇವತ್ತೇ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ" ಎಂದಳು.

"ನನ್ನ ಹಾಲಲ್ಲೇ ಏನಾದ್ರೂ ದೋಷ ಇದೆಯಾ ಅಕ್ಕ?" ಸೊಸೆ ಮೊದಲ ಬಾರಿಗೆ ಬಾಯಿಬಿಟ್ಟಳು.

"ಅದೇ ಹಾಲು ಕುಡಿದು ಇವಳು ಕುಂಬಳಕಾಯಿ ಆಗಿದ್ದಾಳಲ್ಲ" ಎಂದು ಅಕ್ಕ ಗಲಾಟೆಯ ಕೆನ್ನೆ ತಟ್ಟಿದಳು. "ದೋಷ ನಿನ್ನಲ್ಲಿ ಹುಡುಕಬೇಡ. ಚಪ್ಪಲಿ ಹಾಕ್ಕೋ."

ಡಾಕ್ಟರ್ ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದರು. ಎದೆಬಡಿತ ಆಲಿಸಿದರು. ಎಲ್ಲವೂ ಸರಿ. "ಕಾಯಿಲೆ ಏನೂ ಕಾಣಿಸ್ತಾ ಇಲ್ಲ. ಹೊಟ್ಟೆಗೆ ಹಾಲು ಹೋಗ್ತಾ ಇಲ್ಲ, ಅಷ್ಟೇ. ಮೂರು ದಿನ ಬಿಟ್ಟು ಮತ್ತೆ ತೂಗಿ ಕರ್ಕೊಂಡು ಬನ್ನಿ. ಏರದಿದ್ರೆ ಅಡ್ಮಿಟ್ ಮಾಡ್ಕೋತೀವಿ" ಎಂದರು.

"ದಿನಕ್ಕೆ ಎಂಟು ಸಲ ಕೊಡ್ತೀವಿ ಡಾಕ್ಟ್ರೇ, ಬಾಟಲಿ ಖಾಲಿ ಆಗ್ತಾ ಇದೆ" ಎಂದಳು ಸೊಸೆ. ಬಾಟಲಿಯ ವಿಷಯದಲ್ಲಿ ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದು ಅಕ್ಕನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಹಾಲು ಖಾಲಿಯಾಗುತ್ತಿದೆ, ಮಗು ತುಂಬುತ್ತಿಲ್ಲ. ನಡುವೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ತಿಳಿಯಬೇಕಾದರೆ ಕೇಳಿ ಪ್ರಯೋಜನವಿಲ್ಲ, ಕೂತು ನೋಡಬೇಕು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಕ್ಕ ಮೂರನೇ ಮಹಡಿಯಲ್ಲಿದ್ದಳು. ಚಾಪೆಯ ಮೇಲೆ ಗೋಡೆಗೊರಗಿ ಕೂತು, "ನಾನು ಇಲ್ಲ ಅಂದ್ಕೊಳ್ಳಿ" ಎಂದಳು.

"ಇಷ್ಟು ದಪ್ಪ ಇರೋರನ್ನ ಇಲ್ಲ ಅಂದ್ಕೊಳ್ಳೋದು ಹೇಗೆ?" ಎಂದಳು ಅಜ್ಜಿ. ಹಿಂದಿನ ದಿನದ ಮುನಿಸು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಹತ್ತು ಗಂಟೆಗೆ ಫೋನ್ ಬಂತು. ಕೇಂದ್ರದ ಮೇಲ್ವಿಚಾರಕಿ, ಅಕ್ಕನ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ದಿನಕ್ಕೆ ಏಳು ಮನೆ ಎಂಬುದು ಅವಳ ಲೆಕ್ಕ.

"ಅಕ್ಕಾ, ಎಲ್ಲಿದ್ದೀರಿ?"

"ಅವಳಿಗಳ ಮನೇಲಿ ಮೇಡಂ."

"ಎಷ್ಟನೇ ಮನೆ?"

"ಮೊದಲನೇದು. ಇವತ್ತಿಗೆ ಇದೊಂದೇ ಆದ್ರೂ ಆಯ್ತು."

"ಇನ್ನುಳಿದ ಆರು?"

"ಆ ಆರು ಮಕ್ಕಳೂ ಹೋದ ವಾರ ನನ್ನ ಮೇಲೆ ಉಚ್ಚೆ ಹೊಯ್ದಿವೆ ಮೇಡಂ, ಚೆನ್ನಾಗಿವೆ. ನಾಳೆ ನೋಡ್ತೀನಿ" ಎಂದು ಅಕ್ಕ ಫೋನ್ ಇಟ್ಟಳು. ಅವಳ ದನಿಯಲ್ಲಿ ಒರಟುತನವಿರಲಿಲ್ಲ, ಅಳುಕೂ ಇರಲಿಲ್ಲ.

ಹತ್ತೂವರೆಗೆ ಹಾಲಿನ ಹೊತ್ತು. ಸೊಸೆ ಗಲಾಟೆಗೆ ಎದೆಹಾಲು ಕುಡಿಸಿ ಮಲಗಿಸಿ ಸ್ನಾನಕ್ಕೆ ಹೋದಳು. ಅಜ್ಜಿ ಸಾಧುವನ್ನು ಮಡಿಲಿಗೆ ಹಾಕಿಕೊಂಡು ಬಾಟಲಿ ಬಾಯಿಗಿಟ್ಟಳು. ಮಗು ಏಳೆಂಟು ಗುಟುಕು ಚೀಪಿತು. ತುಟಿ ನಿಧಾನವಾಯಿತು, ನಿಂತಿತು. ಅಜ್ಜಿ ಅಲುಗಿಸಿ ನೋಡಿದಳು. "ಸಾಕಾಯ್ತು ನನ್ನ ಬಂಗಾರಿಗೆ, ಹೊಟ್ಟೆ ಚಿಕ್ಕದು" ಎಂದು ತೊಟ್ಟಿಲಿಗಿಟ್ಟಳು. ಬಾಟಲಿಯಲ್ಲಿ ಮುಕ್ಕಾಲು ಪಾಲು ಹಾಲು ಹಾಗೇ ಇತ್ತು.

ಅಷ್ಟರಲ್ಲಿ ಗಲಾಟೆ ತನ್ನ ಹೆಸರು ಉಳಿಸಿಕೊಂಡಳು. ಕುಡಿದು ಹತ್ತು ನಿಮಿಷವೂ ಆಗಿರಲಿಲ್ಲ, ತೇಗು ಬಾರದೆ ಕಿರುಚತೊಡಗಿದಳು. ಅಜ್ಜಿ ಎತ್ತಿಕೊಂಡಳು, ಕೈಯಲ್ಲಿದ್ದ ಬಾಟಲಿಯನ್ನು ಹಾಗೇ ಅವಳ ಬಾಯಿಗೆ ಕೊಟ್ಟಳು. ಕಿರುಚಾಟ ನಿಂತಿತು. ಬಾಟಲಿ ಬುಡ ಕಂಡಿತು. ಗಲಾಟೆಯನ್ನು ಮಲಗಿಸಿ, ಖಾಲಿ ಬಾಟಲಿಯನ್ನು ಸಾಧುವಿನ ತಲೆಯ ಬಳಿಯ ಕಟ್ಟೆಯ ಮೇಲಿಟ್ಟು ಅಜ್ಜಿ ಒಲೆ ಆರಿಸಲು ಅಡುಗೆಮನೆಗೆ ಓಡಿದಳು.

ಸೊಸೆ ಕೂದಲು ಒರೆಸಿಕೊಳ್ಳುತ್ತ ಬಂದಳು. ಮೊದಲು ಕಣ್ಣು ಹೋದದ್ದು ಬಾಟಲಿಯ ಕಡೆಗೆ. "ಅತ್ತೆ, ಸಾಧು ಪೂರ್ತಿ ಕುಡಿದ್ಲಾ?"

"ಆಯ್ತು, ಆಯ್ತು, ಇಬ್ಬರದ್ದೂ ಆಯ್ತು" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಸೊಸೆಯ ಮುಖ ಅರಳಿತು. ಅಕ್ಕನಿಗೆ ಸೋರುತ್ತಿದ್ದದ್ದು ಎಲ್ಲಿ ಎಂದು ಗೊತ್ತಾಗಿತ್ತು. ಅವಳು ಎದ್ದು ಸಾಧುವನ್ನೆತ್ತಿ ಸೊಸೆಯ ಮಡಿಲಿಗೆ ಹಾಕಿ, "ಇನ್ನೊಂದು ಸಲ ಎದೆಗೆ ಹಾಕ್ಕೋ. ನಿದ್ದೆ ಬಂದ್ರೆ ಅಂಗಾಲು ಕೆರೆ, ಬಿಡಬೇಡ" ಎಂದು ಹೇಳಿ ಅಡುಗೆಮನೆಗೆ ಹೋದಳು.

ಸೊಸೆಯ ಎದುರಿಗೇ ಹೇಳಬಹುದಿತ್ತು. ಹೇಳಿದ್ದರೆ ಹಾಲಿನ ಸೋರಿಕೆ ನಿಲ್ಲುತ್ತಿತ್ತು, ಮನೆ ಒಡೆಯುತ್ತಿತ್ತು. ನಾಳೆಯಿಂದ ಅಜ್ಜಿ ಮಗುವನ್ನು ಮುಟ್ಟುತ್ತಿರಲಿಲ್ಲ, ಸೊಸೆ ಒಬ್ಬಳೇ ಎರಡನ್ನೂ ಹೊತ್ತು ಹೈರಾಣಾಗುತ್ತಿದ್ದಳು.

ಅಡುಗೆಮನೆಯಲ್ಲಿ ಅಕ್ಕ ದನಿ ತಗ್ಗಿಸಿ ಕೇಳಿದಳು: "ಅಮ್ಮಾ, ಉಳಿದ ಹಾಲು ದಿನಾ ಗಲಾಟೆಗೇ ಕೊಡ್ತೀರಾ?"

"ಮತ್ತೇನು, ಚೆಲ್ಲಲಾ? ನಾನು ನಾಲ್ಕು ಮಕ್ಕಳನ್ನ ಸಾಕಿದವಳು, ಒಂದು ತೊಟ್ಟು ಹಾಲು ಚೆಲ್ಲಿಲ್ಲ." ಹೇಳುತ್ತ ಹೇಳುತ್ತಲೇ ಅಜ್ಜಿಯ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಕೋಣೆಯ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಅಜ್ಜಿ ನಿಧಾನವಾಗಿ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತಳು.

"ಖಾಲಿ ಬಾಟಲಿ ನೋಡಿ ಅವಳು ಸಾಧು ಕುಡಿದ್ಲು ಅಂದ್ಕೊಂಡ್ಳು."

"ಹೌದು."

"ಅವಳು ಅತ್ತಿದ್ರೆ ಕೊಡ್ತಿದ್ದೆನಲ್ಲ ತಾಯಿ! ಅಳಲೇ ಇಲ್ವಲ್ಲ!" ಸೆರಗನ್ನು ಬಾಯಿಗೊತ್ತಿಕೊಂಡು ಅಜ್ಜಿ ಸದ್ದಿಲ್ಲದೆ ಅತ್ತಳು. "ನನ್ನ ಕೈಯಾರೆ ಉಪವಾಸ ಹಾಕಿದೆನಲ್ಲ."

ಅಕ್ಕ ನೆಲದ ಮೇಲೆ, ಅವಳ ಕಾಲ ಬಳಿ ಕೂತಳು. ಮೊಣಕಾಲು ನೋಯುತ್ತಿತ್ತು, ಆದರೂ ಕೂತಳು. ಗಂಡನಿಗೂ ಪೂರ್ತಿ ಹೇಳಿರದ ಸಂಗತಿಯೊಂದನ್ನು ಅಂದು ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಮನೆಯಲ್ಲಿ ಎರಡು ತಿಂಗಳ ಮಗು, ಗಂಡು, ಒಂದು ಸದ್ದಿಲ್ಲ. ಅಂದು ಒಂಬತ್ತು ಮನೆ ಮುಗಿಸುವ ಹುರುಪು. ಮಲಗಿದ ಮಗುವನ್ನು ಎಬ್ಬಿಸಬಾರದೆಂದು ತೂಗಲೂ ಇಲ್ಲ. 'ಚಿನ್ನದಂಥ ಮಗು ಹೆತ್ತಿದ್ದೀಯಮ್ಮ' ಎಂದು ಹೇಳಿ ನಾಲ್ಕು ನಿಮಿಷದಲ್ಲಿ ಹೊರಬಂದಳು. ಎಂಟು ದಿನಕ್ಕೆ ಆ ಮಗು ಆಸ್ಪತ್ರೆಯಲ್ಲಿತ್ತು, ಕೈಗೆ ಮೂಗಿಗೆ ಕೊಳವೆ.

"ಉಳೀತಾ?" ಅಜ್ಜಿ ಅಳು ನಿಲ್ಲಿಸಿ ಕೇಳಿದಳು.

"ಉಳೀತು. ಒಂದು ತಿಂಗಳು ಅಲ್ಲೇ ಇತ್ತು. ನಾನು ದಿನಾ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರ್ತಿದ್ದೆ, ಒಳಗೆ ಹೋಗೋಕೆ ಮುಖ ಇರಲಿಲ್ಲ. ತರಬೇತಿ ಆಗಿತ್ತು ನನಗೆ, ತಕ್ಕಡಿ ಬೆನ್ನ ಮೇಲೇ ಇತ್ತು. ನಿಮಗಿಂತ ನನ್ನದು ದೊಡ್ಡ ತಪ್ಪು ಅಮ್ಮಾ. ಇವಳು ಇನ್ನೂ ಮನೇಲೇ ಇದ್ದಾಳೆ, ಕಾಯಿಲೆ ಇಲ್ಲ. ಇವತ್ತೇ ಸರಿ ಮಾಡೋಣ."

ಅಜ್ಜಿ ಮುಖ ತೊಳೆದುಕೊಂಡಳು. ಅಕ್ಕ ತಡೆಯುವ ಮೊದಲೇ ಕೋಣೆಗೆ ನಡೆದು ಸೊಸೆಯ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಒಂದಕ್ಷರ ಮುಚ್ಚಿಡಲಿಲ್ಲ. ಸೊಸೆ ಸಾಧುವನ್ನು ಇನ್ನಷ್ಟು ಎದೆಗವಚಿಕೊಂಡಳು. ಬೈಯುತ್ತಾಳೆಂದು ಅಕ್ಕನೂ ಕಾದಳು.

"ನನ್ನದೂ ತಪ್ಪಿದೆ ಅತ್ತೆ" ಎಂದಳು ಸೊಸೆ ಕೊನೆಗೆ. "ಬೆಳಗಿನ ಜಾವ ಇವಳನ್ನ ಎಬ್ಬಿಸಬೇಕು ಅನ್ಸುತ್ತೆ. ಇವಳಾದ್ರೂ ಮಲಗಿದ್ದಾಳಲ್ಲ, ಒಂದು ಗಂಟೆ ನಾನೂ ಕಣ್ಣು ಮುಚ್ತೀನಿ ಅಂತ ಬಿಟ್ಟುಬಿಡ್ತಿದ್ದೆ. ಎಷ್ಟೋ ಸಲ. ಯಾರಿಗೂ ಹೇಳಿಲ್ಲ."

ಅಜ್ಜಿ ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಅಕ್ಕ ಕಿಟಕಿಯ ಕಡೆ ತಿರುಗಿ ಕಾಲುಚೀಲ ಒಣಗಿವೆಯೇ ಎಂದು ಮುಟ್ಟಿ ನೋಡಿದಳು. ಒಣಗಿರಲಿಲ್ಲ.

ಆಮೇಲೆ ಕೆಲಸ ಶುರುವಾಯಿತು. ಮೊದಲ ಹಾಲು ಸಾಧುವಿಗೆ, ಗಲಾಟೆ ಎಷ್ಟೇ ಬೊಬ್ಬೆ ಹೊಡೆದರೂ ಸರಿ. ಎಬ್ಬಿಸುವಾಗ ಹೊದಿಕೆ ತೆಗೆದು ಬರಿಮೈ ಮಾಡುವುದು, ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸುವುದು, ಅರ್ಧ ಕುಡಿದಾಗ ಲಂಗೋಟಿ ಬದಲಿಸಿ ಮತ್ತೆ ಬಾಯಿಗಿಡುವುದು. ಬಾಟಲಿಗಳಿಗೆ ಸೊಸೆ ಹೊಲಿಗೆ ದಾರ ಸುತ್ತಿದಳು, ಕೆಂಪು ಒಬ್ಬಳದು, ನೀಲಿ ಒಬ್ಬಳದು. ಒಬ್ಬಳು ಉಳಿಸಿದ್ದು ಇನ್ನೊಬ್ಬಳಿಗಿಲ್ಲ, ಚೆಲ್ಲಬೇಕು.

"ಚೆಲ್ಲಲೇಬೇಕಾ?" ಎಂದು ಅಜ್ಜಿ ಸಂಕಟಪಟ್ಟಳು.

"ನೀವೇ ಕುಡೀರಿ ಬೇಕಾದ್ರೆ" ಎಂದಳು ಅಕ್ಕ. "ಒಂದು ಮಾತು ನೆನಪಿಟ್ಕೊಳ್ಳಿ. ತೂಕ ಏರಬೇಕು ಅಂದ್ರೆ ತೂಕಡಿಕೆ ಇಳೀಬೇಕು."

ಮೂರನೆಯ ದಿನ ಡ್ರೈವರ್ ಕೂಡ ಪಾಳಿ ಬದಲಿಸಿಕೊಂಡು ಮನೆಯಲ್ಲಿದ್ದ. ಖಾಕಿ ಅಂಗಿಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಅಕ್ಕ ತಕ್ಕಡಿ ನೆಲಕ್ಕಿಟ್ಟು, ಅಲುಗದಂತೆ ಒತ್ತಿ ನೋಡಿ, ಸಾಧುವನ್ನು ಬರಿಮೈಯಲ್ಲಿ ಮಲಗಿಸಿದಳು. ತಣ್ಣನೆಯ ತಟ್ಟೆ ಬೆನ್ನಿಗೆ ತಾಗಿದ್ದೇ ತಡ, ಮಗು ಕಾಲು ಝಾಡಿಸಿತು. ಅಂಕೆಗಳು ಕುಣಿದವು. ಎರಡು ಏಳುನೂರು, ಎರಡು ನಾನ್ನೂರು, ಎರಡು ಆರುನೂರು.

"ನಿಲ್ಲೇ ನನ್ನಮ್ಮ, ನಿಲ್ಲು" ಎಂದು ಅಜ್ಜಿ ಗೊಣಗಿದಳು.

ನಿಂತಿತು. ಎರಡು ಕಿಲೋ ಐನೂರ ಎಂಬತ್ತು. ಮೂರು ದಿನಕ್ಕೆ ನೂರ ಮೂವತ್ತು ಗ್ರಾಂ.

ಡ್ರೈವರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಸೊಸೆ ಅಂಕೆಯನ್ನೇ ನೋಡುತ್ತ, "ಇನ್ನೊಂದು ಸಲ ಇಡಿ ಅಕ್ಕ" ಎಂದಳು. ಅಕ್ಕ ಇನ್ನೊಂದು ಸಲ ಇಟ್ಟಳು. ಅಷ್ಟೇ ಬಂತು.

"ಸಕ್ಕರೆ ಪೊಟ್ಟಣ ತರಲಾ?" ಎಂದು ಕೇಳಿದವಳು ಅಜ್ಜಿಯೇ. ಮನೆಯೆಲ್ಲ ನಕ್ಕಿತು. ಡಾಕ್ಟರ್ ಕೂಡ ಆ ಸಂಜೆ ಅಂಕೆ ನೋಡಿ, ಅಡ್ಮಿಟ್ ಬೇಡವೆಂದರು, ವಾರಕ್ಕೊಮ್ಮೆ ತೂಗಿಸಿ ಎಂದರು.

ಕೇಂದ್ರಕ್ಕೆ ಮರಳಿ ಅಕ್ಕ ಮೇಲ್ವಿಚಾರಕಿಯ ಎದುರು ಕೂತು ಎಲ್ಲವನ್ನೂ ವಿವರಿಸಿದಳು. ಆ ಹುಡುಗಿ ಹಟಮಾರಿಯೇನಲ್ಲ. ಗಲ್ಲಕ್ಕೆ ಕೈಕೊಟ್ಟು ಕೇಳಿದಳು. "ಅಕ್ಕಾ, ಏಳು ಮನೆ ಅನ್ನೋದು ಮೇಲಿನವರು ಕೇಳೋದು. ನಾನು ಏನು ಉತ್ತರ ಕೊಡಲಿ?"

"ವಾರಕ್ಕೆ ಮೂವತ್ತೈದು ಅಂತ ಕೊಡಿ. ಒಂದು ದಿನ ಒಂದು, ಇನ್ನೊಂದು ದಿನ ಹತ್ತು. ಕಾಲು ನನ್ನದು ತಾನೇ."

ಮೇಲ್ವಿಚಾರಕಿ ಹಾಗೇ ಬರೆದು ಕಳಿಸಿದಳು. ಮುಂದಿನ ತಿಂಗಳಿಂದ ಹೊಸದಾಗಿ ಸೇರಿದ ಇಬ್ಬರನ್ನು ಅಕ್ಕನ ಜೊತೆಗೇ ಹಾಕಿದಳು. ಅವರಿಗೆ ಅಕ್ಕ ಕಲಿಸಿದ ಮೊದಲ ಪಾಠ ಅಂಕೆಯದಲ್ಲ, ಕೂರುವುದರದ್ದು: ಒಂದು ಹಾಲಿನ ಹೊತ್ತು ಶುರುವಿನಿಂದ ಕೊನೆಯವರೆಗೆ, ಬಾಯಿ ಮುಚ್ಚಿಕೊಂಡು.

ನಾಲ್ಕು ತಿಂಗಳಾಗುವ ಹೊತ್ತಿಗೆ ಸಾಧುವಿಗೆ ಆ ಹೆಸರು ಒಪ್ಪುತ್ತಿರಲಿಲ್ಲ. ಹೊಟ್ಟೆ ತುಂಬಿದ ಮಗುವಿಗೆ ಗಂಟಲು ಬಂದಿತ್ತು. ಹಸಿದರೆ ಕೆಳಗಿನ ಬೀಗ ರಿಪೇರಿಯವನು ಮೇಲೆ ನೋಡುವಷ್ಟು ಜೋರು. "ನೋಡಿ, ನೀವೇ ಕೆಡಿಸಿದ್ದು" ಎಂದು ಅಜ್ಜಿ ದೂರುತ್ತಿದ್ದಳು, ಮುಖದಲ್ಲಿ ಮಾತ್ರ ಹಾಲು ಕುಡಿದಷ್ಟು ಸಂತೋಷ. ಸೊಸೆ ಮಧ್ಯಾಹ್ನ ಎರಡು ಗಂಟೆ ಯಂತ್ರದ ಮುಂದೆ ಕೂರತೊಡಗಿದ್ದಳು. ಆ ಎರಡು ಗಂಟೆ ಮಕ್ಕಳಿಬ್ಬರೂ ಅಜ್ಜಿಯ ಪಾಲಿಗೆ. ಹಾಗೆಂದು ಕೇಳಿ ಪಡೆದವಳು ಅಜ್ಜಿಯೇ, ಕೊಟ್ಟವಳು ಸೊಸೆ.

ಒಂದು ಬೆಳಿಗ್ಗೆ ಅಕ್ಕ ಆ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಾಗ ಅಜ್ಜಿ ಎರಡನೇ ಮಹಡಿಯಲ್ಲೇ ಅಡ್ಡಗಟ್ಟಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾಯುತ್ತಿದ್ದಳು.

"ಈ ಮನೇಲಿ ಮಗು ಹುಟ್ಟಿ ಇಪ್ಪತ್ತು ದಿನ ಆಯ್ತು. ಒಂದು ದಿನಾನೂ ಅತ್ತಿದ್ದು ಕೇಳಿಲ್ಲ ನಾನು. ನಡೀರಿ, ತಕ್ಕಡಿ ತೆಗೀರಿ."

ಅಕ್ಕ ಒಳಗೆ ಹೋದಳು, ಹಿಂದೆಯೇ ಅಜ್ಜಿ. ಮಗುವನ್ನು ತೂಗಿದಳು. ಮೂರು ಕಿಲೋ ಎಂಟುನೂರು. ತೊಡೆಯಲ್ಲಿ ಎರಡು ಮಡಿಕೆ. ತಾಯಿಯ ಮಡಿಲಲ್ಲಿ ಹದಿನೈದು ನಿಮಿಷ ಗುಟುಗುಟು ಕುಡಿದು, ತೇಗಿ, ಕಣ್ಣು ಪಿಳಿಪಿಳಿ ಬಿಟ್ಟು ಅಜ್ಜಿಯನ್ನೇ ನೋಡಿತು.

"ಇದು ನಿಜವಾಗ್ಲೂ ಸಾಧು ಅಮ್ಮಾ" ಎಂದಳು ಅಕ್ಕ.

ಅಜ್ಜಿಗೆ ಸ್ವಲ್ಪ ನಿರಾಸೆಯೇ ಆಯಿತು. "ಇರಲಿ, ನೋಡೋದು ಒಳ್ಳೇದು" ಎಂದು ಬಾಣಂತಿಗೆ ಮೂರು ಗಂಟೆಯ ಲೆಕ್ಕ, ಕೆಂಪು ನೀಲಿ ದಾರದ ಕಥೆ ಹೇಳಲು ಕೂತೇಬಿಟ್ಟಳು. ಅಕ್ಕ ತಕ್ಕಡಿಯನ್ನು ಚೀಲಕ್ಕೆ ಹಾಕಿ, ಮೊಣಕಾಲು ನೀವಿಕೊಂಡು, ಮೂರನೇ ಮಹಡಿಯ ಕಡೆ ಹೊರಟಳು. ಮೇಲಿಂದ ಇಬ್ಬರು ಅಳುವುದು ಕೇಳಿಸುತ್ತಿತ್ತು. ಯಾರದು ಯಾವ ದನಿ ಎಂದು ಈಗ ಹೇಳಲು ಬರುತ್ತಿರಲಿಲ್ಲ.